ವಾಲ್‌ಪೇಪರ್ ಕಮಾಂಡ್ ಕೈಯಲ್ಲಿ ಹೊಡೆದ್ರೆ ಕೆಲಸ ಮಾಡುತ್ತೆ, ಕ್ರಾನ್‌ಗೆ ಹಾಕಿದ್ರೆ ಗಪ್‌ಚುಪ್

ಗೂಬೆಗಣ್ಣು:
ಎಲ್ರಿಗೂ ನಮಸ್ಕಾರ. ಮೂರು ದಿನದಿಂದ ಇದೊಂದಕ್ಕೇ ಕೂತು ತಲೆ ಕೆಟ್ಟೋಗಿದೆ. ಉಬುಂಟು ಲಿನಕ್ಸ್ 24.04, ಅದ್ರಲ್ಲಿ ಬರೋ ಮಾಮೂಲಿ ಗ್ನೋಮ್ ಡೆಸ್ಕ್‌ಟಾಪ್. ನಾನೇ ತೆಗೆದಿರೋ ಫೋಟೋಗಳ ಫೋಲ್ಡರ್ ಒಂದಿದೆ, ಅರ್ಧ ಗಂಟೆಗೊಂದ್ಸಲ ಅದ್ರಲ್ಲಿ ಯಾವ್ದಾದ್ರೂ ಒಂದನ್ನ ಎತ್ಕೊಂಡು ವಾಲ್‌ಪೇಪರ್ ಮಾಡ್ಬೇಕು, ನನ್ನಾಸೆ ಅಷ್ಟೇ.

ಮೊದ್ಲು ಎಲ್ಲೋ ಓದಿ ಫೆಹ್ ಅನ್ನೋ ಚಿತ್ರ ತೋರ್ಸೋ ಪ್ರೋಗ್ರಾಮ್ ಹಾಕ್ಕೊಂಡೆ. ಫೆಹ್ --ಬಿಜಿ-ಫಿಲ್ ಅಂತ ಕೊಟ್ಟು ಫೈಲ್ ಹೆಸರು ಕೊಟ್ಟೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ, ಹೋಮ್ ಫೋಲ್ಡರಲ್ಲಿ .ಫೆಹ್‌ಬಿಜಿ ಅಂತ ಒಂದು ಫೈಲ್ ಕೂಡ ಹುಟ್ಕೊಂಡ್ತು, ಆದ್ರೆ ಪರದೆ ಮೇಲೆ ಹಳೇ ಚಿತ್ರವೇ ನನ್ನ ನೋಡಿ ನಗ್ತಾ ಇದೆ. ಆಮೇಲೆ ಗ್ನೋಮ್ ಸೆಟ್ಟಿಂಗ್ ಬದಲಾಯಿಸೋ ಜಿಸೆಟ್ಟಿಂಗ್ಸ್ ಕಮಾಂಡ್ ಸಿಕ್ತು. ಜಿಸೆಟ್ಟಿಂಗ್ಸ್ ಸೆಟ್ ಆರ್ಗ್.ಗ್ನೋಮ್.ಡೆಸ್ಕ್‌ಟಾಪ್.ಬ್ಯಾಕ್‌ಗ್ರೌಂಡ್ ಪಿಕ್ಚರ್-ಯುಆರ್‌ಐ ಅಂತ ಬರ್ದು ಮುಂದೆ ಫೈಲ್:/// ವಿಳಾಸ ಕೊಟ್ರೆ ಟಕ್ ಅಂತ ಬದಲಾಗುತ್ತೆ. ಖುಷಿಯಾಗಿ ಅದನ್ನೇ ಸ್ಕ್ರಿಪ್ಟ್ ಮಾಡಿ ಕ್ರಾನ್‌ಟ್ಯಾಬಲ್ಲಿ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸೋ ಕ್ರಾನ್‌ನ ಪಟ್ಟಿ) ಹಾಕ್ದೆ, ಏನೂ ಆಗ್ತಿಲ್ಲ. ಸ್ಕ್ರಿಪ್ಟ್ ಓಡ್ತಿದೆ, ಅದು ಗ್ಯಾರಂಟಿ, ಯಾಕಂದ್ರೆ ಅದ್ರಲ್ಲೇ ಒಂದು ಲಾಗ್ ಫೈಲ್‌ಗೆ ಟೈಮ್ ಬರೆಸ್ತಿದೀನಿ, ಅರ್ಧ ಗಂಟೆಗೊಂದು ಸಾಲು ಸರಿಯಾಗಿ ಬರ್ತಿದೆ. ಚಿತ್ರ ಮಾತ್ರ ಅಲ್ಲಾಡಲ್ಲ.

(ಫೋನಲ್ಲಿ ಬರೀತಿದೀನಿ, ಕೀಬೋರ್ಡ್ ಬದಲಾಯಿಸೋ ತಾಳ್ಮೆ ಇಲ್ಲ, ಅದ್ಕೇ ಕಮಾಂಡೂ ಕನ್ನಡದಲ್ಲೇ ಇದೆ. ಅರ್ಥ ಮಾಡ್ಕೊಳಿ.)

ಸುಮ್ನೆಬಂದೆ:
ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸೋದು) ಹಾಕಿ ನೋಡಿ ಗುರು. ಇಲ್ಲಾಂದ್ರೆ ಸುಡೋ ಕ್ರಾನ್‌ಟ್ಯಾಬಲ್ಲೇ ಹಾಕ್ಬಿಡಿ. ಪರ್ಮಿಷನ್ ಸಮಸ್ಯೆ ಇರ್ಬೇಕು.

ಹಳೇಪೆಂಗ್ವಿನ್:
ದಯವಿಟ್ಟು ಸುಡೋ ಹಾಕ್ಬೇಡಿ. ವಾಲ್‌ಪೇಪರ್ ಅನ್ನೋದು ಒಬ್ಬೊಬ್ಬ ಯೂಸರ್‌ಗೂ ಬೇರೆ ಬೇರೆ. ಸುಡೋ ಹಾಕಿದ್ರೆ ರೂಟ್ ಅನ್ನೋ ಅಡ್ಮಿನ್ ಯೂಸರ್‌ನ ವಾಲ್‌ಪೇಪರ್ ಬದಲಾಗುತ್ತೆ, ಅವನು ಯಾವತ್ತೂ ಡೆಸ್ಕ್‌ಟಾಪ್‌ಗೆ ಲಾಗಿನ್ನೇ ಆಗಲ್ಲ. ನಮ್ಮನೆ ಗೋಡೆಗೆ ಬಣ್ಣ ಬೇಕು ಅಂತ ಪಕ್ಕದ ಖಾಲಿ ಮನೆಗೆ ಹೊಡೆದ ಹಾಗೆ.

ಗೂಬೆಗಣ್ಣು ಅವ್ರೆ, ನಿಮ್ದು ಎರಡು ಬೇರೆ ಬೇರೆ ಸಮಸ್ಯೆ. ಫೆಹ್‌ದು ನಾನು ಹೇಳ್ತೀನಿ, ಕ್ರಾನ್‌ದು ಯಾರಾದ್ರೂ ಹೇಳ್ತಾರೆ.

ಲಿನಕ್ಸಲ್ಲಿ ಪರದೆ ಮೇಲೆ ವಿಂಡೋ ತೋರ್ಸೋ ಹಳೇ ಎಕ್ಸ್ ವ್ಯವಸ್ಥೆಯಲ್ಲಿ ಎಲ್ಲಾ ವಿಂಡೋಗಳ ಹಿಂದೆ ರೂಟ್ ವಿಂಡೋ ಅಂತ ಒಂದಿರುತ್ತೆ, ಇಡೀ ಪರದೆ ಅಗಲಕ್ಕೆ. (ಇದು ರೂಟ್ ಯೂಸರ್ ಅಲ್ಲ, ಹೆಸರು ಮಾತ್ರ ಒಂದೇ.) ಫೆಹ್, ನೈಟ್ರೋಜನ್, ಎಚ್‌ಸೆಟ್‌ರೂಟ್, ಎಕ್ಸ್‌ವಾಲ್‌ಪೇಪರ್ ಎಲ್ಲಾ ಮಾಡೋದು ಆ ರೂಟ್ ವಿಂಡೋ ಮೇಲೆ ಚಿತ್ರ ಅಂಟಿಸೋ ಕೆಲಸ. ಬರೀ ಬಣ್ಣ ಸಾಕು ಅಂದ್ರೆ ಎಕ್ಸ್‌ಸೆಟ್‌ರೂಟ್ -ಸಾಲಿಡ್ ಅಂತ ಬಣ್ಣದ ಹೆಸರು ಕೊಟ್ರೂ ಆಯ್ತು. ಐ3, ಓಪನ್‌ಬಾಕ್ಸ್ ಥರ ಬರೀ ವಿಂಡೋ ಮ್ಯಾನೇಜರ್ ಇಟ್ಕೊಂಡವ್ರಿಗೆ ಇದೇ ದಾರಿ, ಲಾಗಿನ್ ಆದಾಗ .ಫೆಹ್‌ಬಿಜಿ ಫೈಲನ್ನ ಇನ್ನೊಂದ್ಸಲ ಓಡಿಸಿದ್ರೆ ಹಿಂದಿನ ಚಿತ್ರ ವಾಪಸ್ ಬರುತ್ತೆ, ಅದು ಇರೋದೇ ಅದಕ್ಕೆ.

ಗ್ನೋಮ್ ಶೆಲ್ ಹಾಗಲ್ಲ, ಅದು ತನ್ನ ಹಿನ್ನೆಲೆಯನ್ನ ತಾನೇ ಬರ್ಕೊಳುತ್ತೆ. ಅದ್ರ ಮೇಲೆ ನಿಮ್ಮ ಉಬುಂಟು ಎಕ್ಸ್ ಬದಲು ಬಂದ ವೇಲ್ಯಾಂಡಲ್ಲಿ ಓಡ್ತಿರುತ್ತೆ, ಅಲ್ಲಿ ರೂಟ್ ವಿಂಡೋ ಅನ್ನೋ ಕಲ್ಪನೆಯೇ ಇಲ್ಲ. ಹಳೇ ಪ್ರೋಗ್ರಾಮ್‌ಗಳಿಗೋಸ್ಕರ ಎಕ್ಸ್‌ವೇಲ್ಯಾಂಡ್ ಅಂತ ಒಂದು ಇದ್ಯಲ್ಲ, ಫೆಹ್ ಅದ್ರೊಳಗಿನ ರೂಟ್ ವಿಂಡೋಗೆ ನಿಮ್ಮ ಚಿತ್ರ ಅಂಟಿಸಿ, ಕೆಲಸ ಆಯ್ತು ಅಂತ ಕೈ ಒರೆಸ್ಕೊಂಡು ಹೋಗಿದೆ. ಅದನ್ನ ಯಾರೂ ಪರದೆ ಮೇಲೆ ತೋರ್ಸಲ್ಲ. ಅದ್ಕೇ ಎರರ್ರೂ ಇಲ್ಲ, ಚಿತ್ರಾನೂ ಇಲ್ಲ.

ಹಾಗಾಗಿ ಯಾವ ಕಮಾಂಡ್ ಅಂತ ಹುಡುಕೋಕ್ಕಿಂತ ಮುಂಚೆ, ನಿಮ್ಮ ಪರದೆ ಹಿಂದೆ ಬಣ್ಣ ಬಳಿತಿರೋದು ಯಾರು ಅಂತ ಕೇಳಿ. ಎಕೋ ಕೊಟ್ಟು ಎಕ್ಸ್‌ಡಿಜಿ_ಕರೆಂಟ್_ಡೆಸ್ಕ್‌ಟಾಪ್, ಎಕ್ಸ್‌ಡಿಜಿ_ಸೆಷನ್_ಟೈಪ್ ಇವೆರಡನ್ನೂ ನೋಡಿದ್ರೆ ಗೊತ್ತಾಗುತ್ತೆ.

ಅರ್ಧಕೊಲನ್:
ಕ್ರಾನ್ ಭಾಗ ನಂಗೆ ಬಿಡಿ, ಈ ಗುಂಡಿಗೆ ನಾನೂ ಬಿದ್ದು ಎದ್ದವಳೇ.

ಜಿಸೆಟ್ಟಿಂಗ್ಸ್ ಹಿಂದೆ ಇರೋದು ಡಿಕಾನ್ಫ್. ಹೋಮ್ ಒಳಗೆ .ಕಾನ್ಫಿಗ್/ಡಿಕಾನ್ಫ್/ಯೂಸರ್ ಅಂತ ಒಂದು ಬೈನರಿ ಫೈಲಿದೆ, ಸೆಟ್ಟಿಂಗ್ ಎಲ್ಲಾ ಅಲ್ಲಿ. ಇಲ್ಲೊಂದು ತಮಾಷೆ ಇದೆ. ಓದೋವಾಗ ಪ್ರೋಗ್ರಾಮ್‌ಗಳು ಆ ಫೈಲನ್ನ ನೇರವಾಗಿ ಓದ್ಕೊಳುತ್ವೆ. ಬರೆಯೋವಾಗ ಮಾತ್ರ ಡಿಬಸ್ (ಪ್ರೋಗ್ರಾಮ್‌ಗಳು ಒಂದಕ್ಕೊಂದು ಸುದ್ದಿ ಕಳಿಸೋ ದಾರಿ) ಮೂಲಕ ಡಿಕಾನ್ಫ್-ಸರ್ವಿಸ್‌ಗೆ ಹೇಳಿ ಬರೆಸ್ಬೇಕು. ನೀವು ಟರ್ಮಿನಲ್ ತೆಗೆದಾಗ ನಿಮ್ಮ ಸೆಷನ್ನಿನ ಡಿಬಸ್ ವಿಳಾಸ ಡಿಬಸ್_ಸೆಷನ್_ಬಸ್_ಅಡ್ರೆಸ್ ಅನ್ನೋ ವೇರಿಯಬಲ್ಲಲ್ಲಿ ಆಗ್ಲೇ ಇರುತ್ತೆ. ಕ್ರಾನ್ ನಿಮ್ಮ ಸೆಷನ್ನಿಂದ ಹುಟ್ಟಿದ್ದಲ್ಲ, ಅದಕ್ಕೆ ಆ ವಿಳಾಸ ಗೊತ್ತಿಲ್ಲ. ಅಲ್ಲಿಂದ ಜಿಸೆಟ್ಟಿಂಗ್ಸ್ ಗೆಟ್ ಮಾಡಿದ್ರೆ ಸರಿಯಾದ ಉತ್ತರವೇ ಬರುತ್ತೆ, ಸೆಟ್ ಮಾಡಿದ್ರೆ ಮಾತ್ರ ಗಾಳಿಗೆ ಹೋಗುತ್ತೆ. ನಾನು ಗೆಟ್ ಕೆಲಸ ಮಾಡ್ತಿದ್ಯಲ್ಲ, ಅಂದ್ಮೇಲೆ ಡಿಬಸ್ ಸರಿ ಇದೆ ಅಂದ್ಕೊಂಡು ಒಂದು ಭಾನುವಾರ ಪೂರ್ತಿ ತಪ್ಪು ಕಡೆ ಅಗೀತಾ ಕೂತಿದ್ದೆ.

ಎರರ್ ಬರ್ತಿಲ್ಲ ಅಂದ್ರಲ್ಲ, ಬರ್ತಿರುತ್ತೆ, ನಿಮಗೆ ಕಾಣ್ತಿಲ್ಲ. ಕ್ರಾನ್ ಔಟ್‌ಪುಟ್ಟನ್ನ ಮೇಲ್ ಮಾಡೋಕೆ ನೋಡುತ್ತೆ, ಮೆಷೀನಲ್ಲಿ ಮೇಲ್ ಸರ್ವರ್ ಇಲ್ದಿದ್ರೆ ಬಿಸಾಕಿ ಸುಮ್ನಾಗುತ್ತೆ. ಕ್ರಾನ್‌ಟ್ಯಾಬ್ ಸಾಲಿನ ಕೊನೆಗೆ ಎರಡೂ ಔಟ್‌ಪುಟ್ ಒಂದು ಫೈಲ್‌ಗೆ ಹೋಗೋ ಹಾಗೆ ಮಾಡಿ, ನೋಡಿ.

ಪರಿಹಾರ ಒಂದೇ ಸಾಲು. ಸ್ಕ್ರಿಪ್ಟಿನ ಮೇಲ್ಗಡೆ ಆ ವೇರಿಯಬಲ್ ಎಕ್ಸ್‌ಪೋರ್ಟ್ ಮಾಡಿ, ಬೆಲೆ ಯುನಿಕ್ಸ್:ಪಾಥ್=/ರನ್/ಯೂಸರ್/1000/ಬಸ್. 1000 ಅನ್ನೋದು ನಿಮ್ಮ ಯೂಸರ್ ನಂಬರ್, ಐಡಿ -ಯು ಹೊಡೆದ್ರೆ ಎಷ್ಟು ಅಂತ ಬರುತ್ತೆ, ಸ್ಕ್ರಿಪ್ಟಲ್ಲಿ ಆ ಕಮಾಂಡನ್ನೇ ಹಾಕಿದ್ರೆ ಇನ್ನೂ ವಾಸಿ.

ಆದ್ರೆ ನನ್ನ ಮಾತು ಕೇಳೋದಾದ್ರೆ ಕ್ರಾನೇ ಬೇಡ. ಸಿಸ್ಟಮ್‌ಡಿ (ಲಿನಕ್ಸಲ್ಲಿ ಹಿನ್ನೆಲೆ ಕೆಲಸಗಳನ್ನ ಶುರು ಮಾಡಿ ನೋಡ್ಕೊಳೋದು) ಯೂಸರ್ ಟೈಮರ್ ಮಾಡಿ. ಅದು ನಿಮ್ಮ ಯೂಸರ್ ಹೆಸರಲ್ಲೇ, ಬಸ್ ಗೊತ್ತಿರೋ ಜಾಗದಲ್ಲೇ ಓಡುತ್ತೆ. .ಕಾನ್ಫಿಗ್/ಸಿಸ್ಟಮ್‌ಡಿ/ಯೂಸರ್ ಒಳಗೆ ಎರಡು ಫೈಲ್, ಒಂದು ಸರ್ವಿಸ್, ಒಂದು ಟೈಮರ್. ಸರ್ವಿಸಲ್ಲಿ ಟೈಪ್=ಒನ್‌ಶಾಟ್ ಮತ್ತೆ ಎಕ್ಸೆಕ್‌ಸ್ಟಾರ್ಟಲ್ಲಿ ನಿಮ್ಮ ಸ್ಕ್ರಿಪ್ಟ್. ಟೈಮರಲ್ಲಿ ಆನ್‌ಕ್ಯಾಲೆಂಡರ್=*:0/30, ಅಂದ್ರೆ ಪ್ರತಿ ಗಂಟೆಯ ಸೊನ್ನೆಗೆ, ಮೂವತ್ತಕ್ಕೆ. ಆಮೇಲೆ ಸಿಸ್ಟಮ್‌ಸಿಟಿಎಲ್ --ಯೂಸರ್ ಎನೇಬಲ್ --ನೌ ಅಂತ ಟೈಮರ್ ಹೆಸರು ಕೊಡಿ. ಏನಾದ್ರೂ ಕೆಟ್ರೆ ಜರ್ನಲ್‌ಸಿಟಿಎಲ್ --ಯೂಸರ್ ನೋಡಿದ್ರೆ ಎರರ್ ಅಲ್ಲೇ ಬಿದ್ದಿರುತ್ತೆ.

ಗೂಬೆಗಣ್ಣು:
ಅಕ್ಕಾ ನಿಮ್ಗೆ ದೊಡ್ಡ ನಮಸ್ಕಾರ!! ನೀವು ಹೇಳಿದ ಹಾಗೆ ಔಟ್‌ಪುಟ್ ಫೈಲ್‌ಗೆ ತಿರುಗಿಸಿ ನೋಡಿದ್ರೆ ಡಿಕಾನ್ಫ್ ವಾರ್ನಿಂಗ್ ಪುಟಗಟ್ಟಲೆ ಬಿದ್ದಿತ್ತು. ಟೈಮರ್ ಮಾಡ್ದೆ, ಮೊದಲನೇ ಸಲವೇ ಓಡ್ತು, ಸರಿಯಾಗಿ ಮೂವತ್ತಕ್ಕೆ ಚಿತ್ರ ಬದಲಾಗಿದ್ದು ನೋಡಿ ಕುರ್ಚಿಯಿಂದ ಎದ್ದು ನಿಂತ್ಕೊಂಡೆ.

ಸುಮ್ನೆಬಂದೆ:
ಸರಿ ಸರಿ ಸುಡೋ ಮಾತು ವಾಪಸ್ ತಗೊಂಡೆ. ಆದ್ರೂ ಕೇಳ್ತೀನಿ, ಇದನ್ನೇ ಮಾಡೋಕೆ ವೆರೈಟಿ ಅಂತ ರೆಡಿ ಪ್ರೋಗ್ರಾಮ್ ಇದ್ಯಲ್ಲ, ಇಷ್ಟು ಒದ್ದಾಟ ಯಾಕೆ?

ಗೂಬೆಗಣ್ಣು:
ಇದೆ. ಅದು ಹಾಕ್ಕೊಂಡಿದ್ರೆ ಡಿಬಸ್ ಅಂದ್ರೆ ಏನು ಅಂತ ಈ ಜನ್ಮದಲ್ಲಿ ಗೊತ್ತಾಗ್ತಿರ್ಲಿಲ್ಲ.

ಗೂಬೆಗಣ್ಣು:
ಅಯ್ಯೋ ಮತ್ತೆ ಬಂದೆ. ಬೆಳಿಗ್ಗೆಯಿಂದ ಚೆನ್ನಾಗಿ ಬದಲಾಗ್ತಿತ್ತು, ಸಂಜೆ ಏಳು ಗಂಟೆ ಮೇಲೆ ನಿಂತೋಯ್ತು. ಜರ್ನಲಲ್ಲಿ ಎರರ್ ಇಲ್ಲ. ಜಿಸೆಟ್ಟಿಂಗ್ಸ್ ಗೆಟ್ ಮಾಡಿದ್ರೆ ಹೊಸ ಫೈಲ್ ಹೆಸರೇ ತೋರಿಸ್ತಿದೆ. ಪರದೆ ಮೇಲೆ ಬೇರೆ ಚಿತ್ರ. ದೆವ್ವ ಹಿಡಿದಿದ್ಯಾ?

ಅರ್ಧಕೊಲನ್:
ಏಳು ಗಂಟೆಗೆ ಡಾರ್ಕ್ ಮೋಡ್ ಆನ್ ಮಾಡ್ತೀರಾ?

ಗೂಬೆಗಣ್ಣು:
ಹೌದು, ಆ ಥರ ಎಕ್ಸ್‌ಟೆನ್ಷನ್ ಹಾಕ್ಕೊಂಡಿದೀನಿ. ಅದಕ್ಕೂ ಇದಕ್ಕೂ ಏನು ಸಂಬಂಧ?

ಅರ್ಧಕೊಲನ್:
ಅದೇ ದೆವ್ವ. 2022ರಲ್ಲಿ ಬಂದ ಗ್ನೋಮ್ 42ರಿಂದ ಡಾರ್ಕ್‌ಗೆ ಅಂತ ಬೇರೆ ಕೀ ಇದೆ, ಪಿಕ್ಚರ್-ಯುಆರ್‌ಐ-ಡಾರ್ಕ್. ಕಲರ್-ಸ್ಕೀಮ್ ಪ್ರಿಫರ್-ಡಾರ್ಕ್ ಆಗಿದ್ರೆ ಶೆಲ್ ಅದನ್ನ ನೋಡುತ್ತೆ, ಹಳೇ ಕೀ ಕಡೆ ತಿರುಗಿಯೂ ನೋಡಲ್ಲ. ಸ್ಕ್ರಿಪ್ಟಲ್ಲಿ ಎರಡಕ್ಕೂ ಅದೇ ಚಿತ್ರ ಕೊಟ್ಬಿಡಿ. ಇಲ್ಲಾ ಹಗಲಿಗೊಂದು ಫೋಲ್ಡರ್, ರಾತ್ರಿಗೊಂದು ಫೋಲ್ಡರ್ ಮಾಡಿ, ಅದಿನ್ನೂ ಚೆಂದ. ನೆಟ್ಟಲ್ಲಿ ಸಿಗೋ ಹಳೇ ಸ್ಕ್ರಿಪ್ಟ್‌ಗಳಲ್ಲಿ ಈ ಎರಡನೇ ಸಾಲು ಇರಲ್ಲ, ಅದ್ಕೇ ಅರ್ಧ ಜನ ಕಾಪಿ ಮಾಡಿ ಇಲ್ಲಿಗೇ ಬಂದು ಅಳೋದು.

ಇಲಿಬ್ಯಾಡ:
ಏನ್ರಿ ಎಲ್ಲಾರೂ ಗ್ನೋಮ್ ಗ್ನೋಮ್ ಅಂತೀರಿ, ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಮಂದಿ ಕಡೆನೂ ಸ್ವಲ್ಪ ನೋಡ್ರಿ. ಹಳೇ ಲ್ಯಾಪ್‌ಟಾಪ್ ಅದ ನಂದು, ಅದಕ್ಕ ಇದ ಛಲೋ. ಇದರಾಗ ಎಕ್ಸ್‌ಎಫ್‌ಕಾನ್ಫ್-ಕ್ವೆರಿ ಅಂತ ಕಮಾಂಡ್ ಬರ್ತದ, ಚಾನೆಲ್ ಎಕ್ಸ್‌ಎಫ್‌ಸಿಇ4-ಡೆಸ್ಕ್‌ಟಾಪ್, ಪ್ರಾಪರ್ಟಿ ಹೆಸರು ಮಾತ್ರ ಹನುಮಂತನ ಬಾಲ ಇದ್ದಂಗ: /ಬ್ಯಾಕ್‌ಡ್ರಾಪ್/ಸ್ಕ್ರೀನ್0/ಮಾನಿಟರ್ ಏನೋ/ವರ್ಕ್‌ಸ್ಪೇಸ್0/ಲಾಸ್ಟ್-ಇಮೇಜ್. ಆ "ಮಾನಿಟರ್ ಏನೋ" ಅನ್ನೋದ್ರಾಗ ಎಲ್ಲಾ ಆಟ ಅದ. ನಿಮ್ಮ ಮಾನಿಟರ್ ಯಾವ ಪೋರ್ಟಿಗೆ ಹಚ್ಚೀರಿ ಅದರ ಹೆಸರು ಅಲ್ಲಿ ಬರ್ತದ, ಒಬ್ಬರ ಸ್ಕ್ರಿಪ್ಟ್ ಇನ್ನೊಬ್ಬರ ಮಷೀನ್ಯಾಗ ನಡಿಯೂದಿಲ್ಲ.

ಹೆಸರು ತಲ್ಯಾಗ ಇಟ್ಕೊಳ್ಳೂ ಗೋಜಿಗೆ ಹೋಗಬ್ಯಾಡ್ರಿ. ಒಂದು ಟರ್ಮಿನಲ್ ತಗದು ಎಕ್ಸ್‌ಎಫ್‌ಕಾನ್ಫ್-ಕ್ವೆರಿ -ಸಿ ಎಕ್ಸ್‌ಎಫ್‌ಸಿಇ4-ಡೆಸ್ಕ್‌ಟಾಪ್ -ಎಂ ಅಂತ ಹೊಡೀರಿ, ಅದು ಕಾಯ್ಕೋತ ಕುಂದರ್ತದ. ಈಗ ಮೌಸ್‌ಲೇ ಸೆಟ್ಟಿಂಗ್ಸ್‌ಗೆ ಹೋಗಿ ಒಮ್ಮೆ ವಾಲ್‌ಪೇಪರ್ ಬದಲಿ ಮಾಡ್ರಿ. ಟರ್ಮಿನಲ್‌ದಾಗ ಯಾವ ಪ್ರಾಪರ್ಟಿ ಬದಲಾತು ಅಂತ ಪೂರ್ತಿ ಹೆಸರು ಬಂದು ಬೀಳ್ತದ. ಅದನ್ನ ಎತ್ತಿ -ಪಿ ಮುಂದ ಹಾಕ್ರಿ, -ಎಸ್ ಮುಂದ ಚಿತ್ರದ ದಾರಿ. ಇಲ್ಲಿ ಫೈಲ್:/// ಬ್ಯಾಡ, ಬರೀ ದಾರಿ ಸಾಕು.

ನಾ ಒಮ್ಮೆ ಎಚ್‌ಡಿಎಂಐ ಕೇಬಲ್ ತಗದು ಡಿಸ್‌ಪ್ಲೇಪೋರ್ಟ್ ಹಚ್ಚಿದೆ. ಎರಡು ವರ್ಷ ನಡದ ಸ್ಕ್ರಿಪ್ಟ್ ಅವತ್ತ ಸತ್ತು ಹೋತು. ಕೋಡ್ ಎಲ್ಲಾ ಜಾಲಾಡಿದೆ ನೋಡ್ರಿ, ಕೇಬಲ್ ಮ್ಯಾಲೆ ಯಾರಿಗೆ ಸಂಶಯ ಬರ್ತದ!

ಹಳೇಪೆಂಗ್ವಿನ್:
ಇಲಿಬ್ಯಾಡ ಅವ್ರು ಹೇಳಿದ -ಎಂ ಉಪಾಯ ಬಂಗಾರ. ಗ್ನೋಮ್ ಕಡೆಯವ್ರಿಗೂ ಅದೇ ಥರ ಡಿಕಾನ್ಫ್ ವಾಚ್ / ಅಂತ ಇದೆ, ಮೌಸಲ್ಲಿ ಏನೇ ಬದಲಾಯಿಸಿದ್ರೂ ಕೀ ಹೆಸರು ಅಲ್ಲಿ ಕಾಣುತ್ತೆ. ಮಾಟೆ ಡೆಸ್ಕ್‌ಟಾಪ್ ಬಳಸೋವ್ರಿಗೆ: ಆರ್ಗ್.ಮಾಟೆ.ಬ್ಯಾಕ್‌ಗ್ರೌಂಡ್ ಒಳಗೆ ಪಿಕ್ಚರ್-ಫೈಲ್‌ನೇಮ್, ಅದಕ್ಕೂ ಬರೀ ದಾರಿ. ಸಿನ್ನಮನ್‌ಗೆ ಆರ್ಗ್.ಸಿನ್ನಮನ್.ಡೆಸ್ಕ್‌ಟಾಪ್.ಬ್ಯಾಕ್‌ಗ್ರೌಂಡ್, ಅಲ್ಲಿ ಮತ್ತೆ ಯುಆರ್‌ಐ, ಅಂದ್ರೆ ಫೈಲ್:/// ಥರದ ವಿಳಾಸ. ಒಂದೇ ಬಳ್ಳಿಯ ಕಾಯಿಗಳು, ರುಚಿ ಮಾತ್ರ ಬೇರೆ ಬೇರೆ.

ಚುಕ್ಕಿಚಂದ್ರ:
ಕೆಡಿಇ ಬಗ್ಗೆ ಯಾರೂ ಹೇಳ್ಲಿಲ್ಲ ಅಂತ ಬರೀತಿದೀನಿ. ಅದ್ರ ಪ್ಲಾಸ್ಮಾ ಡೆಸ್ಕ್‌ಟಾಪಲ್ಲಿ ಮೊದ್ಲು ಕ್ಯೂಡಿಬಸ್‌ಗೆ ಹತ್ತು ಸಾಲಿನ ಜಾವಾಸ್ಕ್ರಿಪ್ಟ್ ತುರುಕ್ಬೇಕಿತ್ತು, ಈಗ ಪ್ಲಾಸ್ಮಾ-ಅಪ್ಲೈ-ವಾಲ್‌ಪೇಪರ್‌ಇಮೇಜ್ ಅಂತ ಕಮಾಂಡೇ ಬಂದಿದೆ, ಫೈಲ್ ಕೊಟ್ರೆ ಮುಗೀತು. ಒಂದೇ ಕಿರಿಕಿರಿ ಅಂದ್ರೆ, ದಿನಾ ಹೊಸ ಚಿತ್ರವನ್ನ ಇವತ್ತಿನದು.ಜೆಪಿಜಿ ಅಂತ ಅದೇ ಹೆಸರಲ್ಲಿ ಇಳಿಸಿ ಹಾಕಿದ್ರೆ, ದಾರಿ ಬದಲಾಗಿಲ್ವಲ್ಲ ಅಂತ ಹಳೇ ಚಿತ್ರವನ್ನೇ ಇಟ್ಕೊಂಡು ಕೂರುತ್ತೆ. ನಾನು ಫೈಲ್ ಹೆಸರಿಗೆ ತಾರೀಖು ಸೇರಿಸ್ತೀನಿ, ಅಲ್ಲಿಗೆ ಸಮಸ್ಯೆ ಇಲ್ಲ. ಆ ತಾರೀಖಿನ ಕಮಾಂಡನ್ನ ಮಾತ್ರ ಸೀದಾ ಕ್ರಾನ್‌ಟ್ಯಾಬ್ ಸಾಲಲ್ಲಿ ಬರೀಬೇಡಿ, ಅಲ್ಲಿ ಶೇಕಡಾ ಚಿಹ್ನೆ ಅಂದ್ರೆ ಹೊಸ ಸಾಲು ಅಂತ ಅರ್ಥ, ಕಮಾಂಡ್ ಅರ್ಧಕ್ಕೇ ಕತ್ತರಿಸಿ ಹೋಗುತ್ತೆ. ಸ್ಕ್ರಿಪ್ಟೊಳಗೆ ಬರೀರಿ.

ಕಿಟಕಿಪಕ್ಕ:
ಆಫೀಸಲ್ಲಿ ವಿಂಡೋಸ್, ಅದಕ್ಕೂ ಇಲ್ಲೇ ಕೇಳ್ಬಹುದಾ? ರಿಜಿಸ್ಟ್ರಿಯಲ್ಲಿ ಕಂಟ್ರೋಲ್ ಪ್ಯಾನೆಲ್\ಡೆಸ್ಕ್‌ಟಾಪ್ ಒಳಗಿನ ವಾಲ್‌ಪೇಪರ್ ಬೆಲೆ ಬದಲಾಯಿಸ್ತೀನಿ, ಏನೂ ಆಗಲ್ಲ, ಲಾಗೌಟ್ ಆಗಿ ಬಂದ್ರೆ ಆಗಿರುತ್ತೆ.

ಸುಮ್ನೆಬಂದೆ:
ಇದು ನಂಗೆ ಗೊತ್ತು! ರನ್‌ಡಿಎಲ್‌ಎಲ್32 ಯೂಸರ್32.ಡಿಎಲ್‌ಎಲ್,ಅಪ್‌ಡೇಟ್‌ಪರ್‌ಯೂಸರ್‌ಸಿಸ್ಟಮ್‌ಪ್ಯಾರಾಮೀಟರ್ಸ್ ಅಂತ ಓಡಿಸಿ.

ಒಂಟಿಕೀಲಿ:
ಮಾರಾಯ್ರೆ, ಆ ಸಾಲು ಎಲ್ಲ ಕಡೆ ಉಂಟು, ಆದ್ರೆ ನಂಬ್ಲಿಕ್ಕಾಗುದಿಲ್ಲ. ನಾನು ಹತ್ತು ಸಲ ಓಡಿಸಿದ್ರೆ ಮೂರು ಸಲ ಬದಲಾದದ್ದುಂಟು. ಸರಿಯಾದ ದಾರಿ ಸಿಸ್ಟಮ್‌ಪ್ಯಾರಾಮೀಟರ್ಸ್‌ಇನ್ಫೋ ಅಂತ ಒಂದು ಫಂಕ್ಷನ್. ಪವರ್‌ಶೆಲ್ಲಿನಲ್ಲಿ ಆಡ್-ಟೈಪ್ ಹಾಕಿ ಯೂಸರ್32ರಿಂದ ಅದನ್ನು ಎಳೆದುಕೊಳ್ಳಿ, ಮತ್ತೆ ನಾಲ್ಕು ಬೆಲೆ ಕೊಟ್ಟು ಕರೀರಿ: 20, 0, ಚಿತ್ರದ ಪೂರ್ತಿ ದಾರಿ, 3. ಇಪ್ಪತ್ತು ಅಂದ್ರೆ ವಾಲ್‌ಪೇಪರ್ ಬದಲಾಯಿಸು ಅಂತ ಅರ್ಥ. ಕೊನೆಯ ಮೂರು ಅಂದ್ರೆ ಒಂದು ಮತ್ತು ಎರಡು ಕೂಡಿದ್ದು, ಒಂದು ಅಂದ್ರೆ ಬರೆದಿಡು, ಎರಡು ಅಂದ್ರೆ ಎಲ್ಲರಿಗೂ ಸುದ್ದಿ ಮುಟ್ಟಿಸು. ನೀವು ರಿಜಿಸ್ಟ್ರಿಯಲ್ಲಿ ಬರೆದಿಟ್ರಿ, ಸುದ್ದಿ ಯಾರಿಗೂ ಹೇಳ್ಲಿಲ್ಲ, ಹಾಗಾಗಿ ಲಾಗೌಟ್ ತನಕ ಕಾಯ್ಬೇಕಾಯ್ತು.

ಚಿತ್ರ ಹೇಗೆ ಕೂರ್ಬೇಕು ಅನ್ನುವುದಕ್ಕೆ ಮಾತ್ರ ರಿಜಿಸ್ಟ್ರಿಯೇ ಬೇಕು, ಅಲ್ಲೇ ವಾಲ್‌ಪೇಪರ್‌ಸ್ಟೈಲ್ ಅಂತ ಉಂಟಲ್ಲ, 10 ಹಾಕಿದ್ರೆ ತುಂಬಿ ಕೂರ್ತದೆ, 6 ಹಾಕಿದ್ರೆ ಪೂರ್ತಿ ಕಾಣುವ ಹಾಗೆ, 2 ಹಾಕಿದ್ರೆ ಎಳೆದು ಹಿಗ್ಗಿಸ್ತದೆ, 22 ಅಂದ್ರೆ ಎಲ್ಲಾ ಮಾನಿಟರಿಗೂ ಹಾಸಿ. ಇದನ್ನು ಬರೆದು ಆಮೇಲೆ ಫಂಕ್ಷನ್ ಕರೀಬೇಕು, ಉಲ್ಟಾ ಮಾಡಿದ್ರೆ ಹಳೇ ಸ್ಟೈಲೇ ಬರ್ತದೆ.

ಇನ್ನೊಂದು. ನಿಮ್ಮ ಜೆಪೆಗ್ ಸ್ವಲ್ಪ ಮಸುಕಾಗಿ ಕಂಡ್ರೆ ಕಣ್ಣು ಪರೀಕ್ಷೆಗೆ ಓಡ್ಬೇಡಿ, ವಿಂಡೋಸ್ ಅದನ್ನು 85 ಪರ್ಸೆಂಟ್ ಕ್ವಾಲಿಟಿಗೆ ಇಳಿಸಿ ತನ್ನದೇ ಒಂದು ಕಾಪಿ ಇಟ್ಟುಕೊಳ್ತದೆ. ಅದೇ ಜಾಗದಲ್ಲಿ ಜೆಪೆಗ್‌ಇಂಪೋರ್ಟ್‌ಕ್ವಾಲಿಟಿ ಅಂತ ಡಿವರ್ಡ್ ಮಾಡಿ 100 ಕೊಡಿ. ಆಫೀಸಿನ ಮೆಷೀನ್ ಅಂತೀರಿ, ಗ್ರೂಪ್ ಪಾಲಿಸಿಯಲ್ಲಿ ವಾಲ್‌ಪೇಪರ್ ಕಟ್ಟಿ ಹಾಕಿದ್ರೆ ಇದ್ಯಾವುದೂ ನಡೆಯುದಿಲ್ಲ, ಆಗ ಸುಮ್ಮನೆ ಬಿಡುದು ಒಳ್ಳೇದು.

ಕಿಟಕಿಪಕ್ಕ:
20, 0, ದಾರಿ, 3. ಆಯ್ತು ಸರ್, ಕ್ಷಣದಲ್ಲಿ ಬದಲಾಯ್ತು! ಮಸುಕಿನ ವಿಷಯಾನೂ ನಿಜ, ನಾನು ಮಾನಿಟರ್ರೇ ಕಳಪೆ ಅಂದ್ಕೊಂಡಿದ್ದೆ.

ಚುಕ್ಕಿಚಂದ್ರ:
ಮ್ಯಾಕ್ ಕೂಡ ಸೇರಿಸ್ಬಿಡ್ತೀನಿ, ತಂಗಿದು ಇದೆ ಮನೇಲಿ. ಒಎಸ್‌ಎಸ್ಕ್ರಿಪ್ಟ್ -ಇ ಕೊಟ್ಟು ಸಿಸ್ಟಮ್ ಇವೆಂಟ್ಸ್‌ಗೆ, ಪ್ರತಿ ಡೆಸ್ಕ್‌ಟಾಪಿನ ಪಿಕ್ಚರ್ ಇದು ಮಾಡು ಅಂತ ಹೇಳ್ಬೇಕು. ಮೊದಲನೇ ಸಲ ಪರ್ಮಿಷನ್ ಕೇಳುತ್ತೆ, ಒಪ್ಪಿಗೆ ಕೊಡಿ. ಪ್ರತಿ ಅಂದ್ರೂ ಅದು ಪ್ರತಿ ಮಾನಿಟರ್, ಹಿಂದೆ ಅಡಗಿರೋ ಬೇರೆ ಸ್ಪೇಸ್‌ಗಳಲ್ಲಿ ಹಳೇದೇ ಇರುತ್ತೆ, ಪಕ್ಕಕ್ಕೆ ಸರಿಸಿದ ಕೂಡ್ಲೆ ಗೊತ್ತಾಗುತ್ತೆ. ನಂಗೆ ಗೊತ್ತಿರೋದು ಇಷ್ಟೇ.

ನೂಲೇಣಿ:
ಸ್ವೇ (ವೇಲ್ಯಾಂಡಿನ ಒಂದು ವಿಂಡೋ ಮ್ಯಾನೇಜರ್) ಬಳಸೋವ್ರು ಯಾರಾದ್ರೂ ಇದೀರಾ? ನಾನು ಸ್ವೇಬಿಜಿ -ಐ ಚಿತ್ರ -ಎಂ ಫಿಲ್ ಅಂತ ಗಂಟೆಗೊಂದ್ಸಲ ಓಡಿಸ್ತಿದ್ದೆ, ಎರಡು ದಿನ ಮೆಷೀನ್ ಆಫ್ ಮಾಡಿರ್ಲಿಲ್ಲ, ಮೆಮೊರಿ ಪೂರ್ತಿ ತುಂಬಿ ಎಲ್ಲಾ ತೆವಳ್ತಿತ್ತು. ಎಚ್‌ಟಾಪಲ್ಲಿ ನೋಡಿದ್ರೆ ಸ್ವೇಬಿಜಿಗಳ ಜಾತ್ರೆ.

ಹಳೇಪೆಂಗ್ವಿನ್:
ಸ್ವೇಬಿಜಿ ಚಿತ್ರ ಅಂಟಿಸಿ ಹೋಗೋದಲ್ಲ, ಅದು ಅಲ್ಲೇ ನಿಂತು ಹಿಡ್ಕೊಂಡಿರುತ್ತೆ. ಅದನ್ನ ಕೊಂದ್ರೆ ಚಿತ್ರಾನೂ ಹೋಗುತ್ತೆ. ನೀವು ಗಂಟೆಗೊಬ್ಬನನ್ನ ಕರ್ಕೊಂಡ್ಬಂದು ಹಳಬನ ಮುಂದೆ ನಿಲ್ಲಿಸಿದೀರಿ, ಹಳಬ ಹಿಂದೆ ಹಾಗೇ ಚಿತ್ರ ಹಿಡ್ಕೊಂಡು ನಿಂತಿದಾನೆ. ಕ್ರಮ ಹೀಗಿರ್ಲಿ: ಹಳೇದ್ರ ಪಿಐಡಿ (ಪ್ರೋಸೆಸ್ ನಂಬರ್) ಬರ್ಕೊಳಿ, ಹೊಸದನ್ನ ಶುರು ಮಾಡಿ, ಒಂದು ಸೆಕೆಂಡ್ ಸ್ಲೀಪ್, ಆಮೇಲೆ ಹಳೇದನ್ನ ಕಿಲ್ ಮಾಡಿ. ಮೊದ್ಲೇ ಕಿಲ್ ಮಾಡಿದ್ರೆ ಮಧ್ಯೆ ಒಂದು ಕ್ಷಣ ಖಾಲಿ ಪರದೆ ಮಿನುಗುತ್ತೆ. ಅಥವಾ ಸ್ವೇಎಂಎಸ್‌ಜಿ ಕೊಟ್ಟು ಔಟ್‌ಪುಟ್ * ಬಿಜಿ ದಾರಿ ಫಿಲ್ ಅಂತ ಹೇಳಿದ್ರೆ ಈ ಹಳೇದು ಹೊಸದರ ಲೆಕ್ಕ ಸ್ವೇನೇ ನೋಡ್ಕೊಳುತ್ತೆ.

ಮೆಮೊರಿ ಬಗ್ಗೆ ಇನ್ನೊಂದು ಮಾತು. ಜೆಪೆಗ್ ಫೈಲ್ ಡಿಸ್ಕಲ್ಲಿ ಐದು ಎಂಬಿ ಇರ್ಬಹುದು, ಬಿಚ್ಚಿದಾಗ ಒಂದೊಂದು ಪಿಕ್ಸೆಲ್‌ಗೆ ನಾಲ್ಕು ಬೈಟ್. ಕ್ಯಾಮೆರಾದ 6000×4000 ಫೋಟೋ ಅಂದ್ರೆ 96 ಎಂಬಿ. ಪರದೆ 1920×1080 ಆಗಿದ್ರೆ ಬೇಕಿರೋದು ಬರೀ 8 ಎಂಬಿ ಚಿಲ್ಲರೆ. ಇಮೇಜ್‌ಮ್ಯಾಜಿಕ್ ಇದ್ರೆ -ರಿಸೈಜ್ 1920x1080^ -ಗ್ರಾವಿಟಿ ಸೆಂಟರ್ -ಎಕ್ಸ್‌ಟೆಂಟ್ 1920x1080 ಅಂತ ಒಂದ್ಸಲ ಎಲ್ಲಾ ಫೋಟೋಗಳ ಮೇಲೂ ಓಡಿಸಿ ಬೇರೆ ಫೋಲ್ಡರಲ್ಲಿ ಇಟ್ಕೊಳಿ. ಆ ಟೋಪಿ ಚಿಹ್ನೆ ಮರೀಬೇಡಿ, ಅದಿಲ್ದಿದ್ರೆ ಪರದೆ ಆಕಾರಕ್ಕೆ ಹೊಂದದ ಚಿತ್ರಗಳಿಗೆ ಅಂಚಲ್ಲಿ ಖಾಲಿ ಪಟ್ಟಿ ಬರುತ್ತೆ.

ಗೂಬೆಗಣ್ಣು:
ಮೂರನೇ ಸಲ ಬರ್ತಿದೀನಿ, ಬೈಕೋಬೇಡಿ. ಎಲ್ಲಾ ಓಡ್ತಿದೆ, ಆದ್ರೆ ಆಗಾಗ ಚಿತ್ರದ ಬದಲು ಬರೀ ನೀಲಿ ಬಣ್ಣ ಬರುತ್ತೆ. ಲಾಗ್ ನೋಡಿದ್ರೆ ಎರಡೇ ಫೈಲ್‌ಗಳಿಗೆ ಹಾಗಾಗ್ತಿದೆ: "ಬೆಟ್ಟ #3.ಜೆಪಿಜಿ" ಮತ್ತೆ "ಮಳೆ 100%.ಜೆಪಿಜಿ". ಡಬಲ್ ಕೋಟ್ ಎಲ್ಲಾ ಕಡೆ ಹಾಕಿದೀನಿ.

ಅರ್ಧಕೊಲನ್:
ಕೋಟ್ ಹಾಕಿದ್ರೆ ಶೆಲ್ಲಿಂದ ಬಚಾವ್, ಯುಆರ್‌ಐಯಿಂದ ಅಲ್ಲ. ಯುಆರ್‌ಐಯಲ್ಲಿ ಹ್ಯಾಶ್ ಬಂದ್ರೆ ಫೈಲ್ ಹೆಸರು ಅಲ್ಲಿಗೇ ಮುಗೀತು ಅಂತ, ಶೇಕಡಾ ಚಿಹ್ನೆ ಬಂದ್ರೆ ಮುಂದೆ ಎರಡು ಹೆಕ್ಸ್ ಅಂಕಿ ಇರ್ಬೇಕು ಅಂತ. ಫೈಲ್:// ಅಂತ ಮುಂದೆ ಅಂಟಿಸಿದ ಮಾತ್ರಕ್ಕೆ ದಾರಿ ಯುಆರ್‌ಐ ಆಗಲ್ಲ. ಜಿಐಒ ಇನ್ಫೋ ಅಂತ ಫೈಲ್ ಹೆಸರು ಕೊಡಿ, ಬರೋ ಸಾಲುಗಳಲ್ಲಿ ಯುಆರ್‌ಐ ಅಂತ ಒಂದಿರುತ್ತೆ, ಅದನ್ನೇ ತಗೊಂಡು ಕೊಡಿ. ಪೈಥಾನ್ ಬರೋದಾದ್ರೆ ಪಾಥ್‌ಲಿಬ್ ಒಳಗೆ ಆಸ್_ಯುಆರ್‌ಐ ಇದೆ.

ಕನ್ನಡ ಹೆಸರು ಕೊಟ್ಟಿದೀರಲ್ಲ, ಔಟ್‌ಪುಟ್ ನೋಡಿ ಗಾಬರಿ ಆಗ್ಬೇಡಿ. ಯುಟಿಎಫ್-8ರಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ ಮೂರು ಬೈಟ್, ಒಂದೊಂದು ಬೈಟ್‌ಗೂ ಶೇಕಡಾ ಚಿಹ್ನೆ ಸೇರಿ ಮೂರು ಗುರುತು. "ಮಳೆ" ಅನ್ನೋದ್ರಲ್ಲಿ ಮ, ಳ, ಎತ್ವ ಅಂತ ಮೂರು ಕೋಡ್. ಅಂದ್ರೆ ಎರಡಕ್ಷರದ ಮಳೆಗೆ ಇಪ್ಪತ್ತೇಳು ಗುರುತು ಸುರಿಯುತ್ತೆ.

ಗೂಬೆಗಣ್ಣು:
ಇಪ್ಪತ್ತೇಳೂ ಎಣಿಸ್ದೆ, ಸರಿಯಾಗಿದೆ 😂 ಎರಡು ಫೋಟೋನೂ ಈಗ ಬರ್ತಿವೆ.

ಗೂಬೆಗಣ್ಣು:
ಕೊನೇ ಅಪ್‌ಡೇಟ್. ಇವತ್ತು ಮೀಟಿಂಗಲ್ಲಿ ಸ್ಕ್ರೀನ್ ಶೇರ್ ಮಾಡಿ ಮಾತಾಡ್ತಿದ್ದೆ, ಹನ್ನೊಂದೂವರೆ ಆಯ್ತು, ಟೈಮರ್ ಓಡ್ತು. ಫೈಂಡ್ ಕಮಾಂಡ್‌ಗೆ ಒಳಗಿನ ಫೋಲ್ಡರ್‌ಗೆ ಹೋಗ್ಬೇಡ ಅಂತ ಹೇಳಿರ್ಲಿಲ್ಲ. ಅದ್ರೊಳಗೆ ಡಾಕ್ಟರ್‌ಗೆ ಕಳಿಸೋಕೆ ಅಂತ ತೆಗೆದಿದ್ದ ನನ್ನ ಕಾಲ್ಬೆರಳಿನ ಉಗುರುಸುತ್ತಿನ ಫೋಟೋ ಇತ್ತು. ಪರದೆ ತುಂಬಾ, ಝೂಮ್ ಆಗಿ.

ಇಲಿಬ್ಯಾಡ:
😂😂 ಫೈಂಡ್‌ಗೆ -ಮ್ಯಾಕ್ಸ್‌ಡೆಪ್ತ್ 1 ಹಾಕ್ರಿ ಮೊದಲ. ಆಮ್ಯಾಲೆ ಮೀಟಿಂಗಿಗೆ ಕುಂದರೂ ಮುಂಚೆ ಸಿಸ್ಟಮ್‌ಸಿಟಿಎಲ್ --ಯೂಸರ್ ಸ್ಟಾಪ್ ಅಂತ ಟೈಮರ್ ನಿಲ್ಲಿಸಿ ಕುಂದರ್ರಿ. ಬೆರಳು ಈಗ ಹೆಂಗದ?

ಗೂಬೆಗಣ್ಣು:
ಬೆರಳು ವಾಸಿ ಆಗಿದೆ. ಮ್ಯಾನೇಜರ್ರೂ ಅದನ್ನೇ ಕೇಳಿದ್ರು.